ತಿರುಗಿ ಬರೋ ಗಾಡಿ ಎಷ್ಟಕ್ಕೆ?

[ದೃಶ್ಯ: ಬೆಳಗಿನ ಹೊತ್ತು. ಬೇವಿನ ಗಿಡದ ಕೆಳಗಿನ ಕಟ್ಟೆ. ತೊಡೆ ಮೇಲೆ ಬಟ್ಟೆ ಚೀಲ ಇಟ್ಟುಕೊಂಡು ಕೂತ ಅಜ್ಜಿ.]

ನಮಸ್ಕಾರ. ಇವಳು ನಮ್ಮ ಆಯಿ. ಕಲಬುರಗಿ ಜಿಲ್ಲೆ, ಆಳಂದ ತಾಲ್ಲೂಕಿನ ಒಂದು ಸಣ್ಣ ಊರು. ಚೀಲದಲ್ಲಿ ಎರಡು ಜೋಳದ ರೊಟ್ಟಿ, ಒಂದಿಷ್ಟು ಶೇಂಗಾ ಹಿಂಡಿ, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಆಧಾರ್ ಕಾರ್ಡು. ಬಸ್ಸು ಬಂತು. ಹತ್ತುವ ಮೊದಲು ಆಯಿ ಕಂಡಕ್ಟರಿಗೆ ಒಂದೇ ಮಾತು ಕೇಳುತ್ತಾಳೆ.

"ಯಪ್ಪಾ, ತಿರುಗಿ ಬರೋ ಗಾಡಿ ಎಷ್ಟಕ್ಕದ?"

ಎಷ್ಟೊತ್ತಿಗೆ ಮುಟ್ಟುತ್ತದೆ ಅಂತ ಕೇಳಲ್ಲ. ಸೀಟು ಇದೆಯಾ ಅಂತಲೂ ಕೇಳಲ್ಲ. ತಿರುಗಿ ಬರುವ ಹೊತ್ತು ಸರಿ ಬರಲಿಲ್ಲ ಅಂದರೆ ಚೀಲ ಎತ್ತಿಕೊಂಡು ಸೀದಾ ಮನೆಗೆ ವಾಪಸ್. ಇವತ್ತಿನ ವಿಡಿಯೋ ಪೂರ್ತಿ ಆ ಒಂದು ಪ್ರಶ್ನೆ ಮೇಲೆ.

[ದೃಶ್ಯ: ಬೀಗ ಹಾಕಿದ ಮನೆಗಳ ಓಣಿ.]

ಮೊದಲು ಆಯಿ ಎಲ್ಲಿಗೆ ಹೋಗುತ್ತಾಳೆ ನೋಡಿ. ದವಾಖಾನೆಗೆ ತಿಂಗಳಿಗೆ ಒಂದು ಸಲ. ಉಳಿದದ್ದೆಲ್ಲ "ಮಾತಾಡಿಸಿ ಬರೋದು". ಬೀಗರ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ, ಮಾತಾಡಿಸಿ ಬರಬೇಕು. ತಂಗಿಗೆ ಹುಷಾರಿಲ್ಲ, ಮಾತಾಡಿಸಿ ಬರಬೇಕು. ಮೊಮ್ಮಗಳ ಕುಬಸ, ಯಾರದೋ ಮನೆಯ ತೊಟ್ಟಿಲು. ಶಾಲೆಗೆ ಎಷ್ಟು ಜನ, ಪೇಟೆಗೆ ಎಷ್ಟು ಜನ ಅಂತ ಲೆಕ್ಕ ಹಾಕಿ ಬಸ್ಸು ಬಿಡುತ್ತಾರೆ. ಮಾತಾಡಿಸಿ ಬರುವವರ ಲೆಕ್ಕ ಯಾವ ಕಾಗದದಲ್ಲೂ ಇಲ್ಲ.

ಫೋನ್ ಇದೆಯಲ್ಲ ಅಂತೀರಾ? ನಾನೂ ಹಾಗೇ ಅಂದಿದ್ದೆ. ವಿಡಿಯೋ ಕಾಲ್ ಹಚ್ಚಿ ಕೊಟ್ಟೆ. "ಸತ್ತ ಮನಿಗಿ ಫೋನ್‌ದಾಗ ಹೋಗ್ತಾರೇನೋ ಹುಚ್ಚಪ್ಪಾ" ಅಂತ ಬೈಸಿಕೊಂಡೆ.

ನಮ್ಮ ಓಣಿಯ ಅರ್ಧ ಮಂದಿ ದುಡಿಯಲು ಪುಣೆ, ಮುಂಬೈ, ಬೆಂಗಳೂರಿಗೆ ಹೋಗಿದ್ದಾರೆ. ಮನೆಯಲ್ಲಿ ಉಳಿದವರು ವಯಸ್ಸಾದವರು. ಸುತ್ತಲಿನ ನಾಲ್ಕೂರು ತಿರುಗಾಡಿದರೆ ಅವರಿಗೆ ಜನ ಇದ್ದಾರೆ. ತಿರುಗಾಟ ನಿಂತರೆ ಗೋಡೆ, ಟಿವಿ, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ 2025ರ ಜೂನ್‌ನಲ್ಲಿ ಕೊಟ್ಟ ವರದಿ ಪ್ರಕಾರ ಜಗತ್ತಿನಲ್ಲಿ 6 ಜನರಲ್ಲಿ ಒಬ್ಬರನ್ನು ಒಂಟಿತನ ಕಾಡುತ್ತಿದೆ. ವರ್ಷಕ್ಕೆ ಸುಮಾರು 8.71 ಲಕ್ಷ ಸಾವುಗಳಿಗೂ ಒಂಟಿತನಕ್ಕೂ ನಂಟಿದೆ ಅನ್ನುತ್ತದೆ ಅದು. ಬಸ್ಸಿನ ವಿಷಯ ಹೇಳುತ್ತಾ ಸಾವಿನ ಲೆಕ್ಕ ಯಾಕೆ ಬಂತು ಅಂತ ಈಗ ಗೊತ್ತಾಯ್ತಲ್ವಾ.

ಐದಾರು ವರ್ಷದ ಹಿಂದಿನ ಮಾತು. ಆಯಿ ತಂಗಿಯ ಊರಿಗೆ ಹೋಗಿದ್ದಳು. ಮಧ್ಯಾಹ್ನ ಜೋರು ಮಳೆ. ಹಳ್ಳ ತುಂಬಿ ಸೇತುವೆ ಮೇಲೆ ನೀರು ಬಂತು, ಸಂಜೆಯ ಬಸ್ಸು ಆಚೆ ದಂಡೆಯಲ್ಲೇ ನಿಂತಿತು. ಆಯಿ ಅಷ್ಟರಲ್ಲಿ ಕ್ರಾಸಿಗೆ ಬಂದು ಕೂತಿದ್ದಳು. ರಾತ್ರಿ ಅಲ್ಲಿನ ಚಹಾದಂಗಡಿಯವರ ಮನೆಯಲ್ಲಿ ಮಲಗಿದಳು. ಅವರು ಚಲೋ ಮಂದಿ, ಊಟ ಹಾಕಿದರು. ಆದರೆ ಪರರ ಮನೆಯ ಹೊರಸಿನ ಮೇಲೆ ಕಳೆದ ಆ ಒಂದು ರಾತ್ರಿ ಆಯಿಯ ಧೈರ್ಯ ಕಿತ್ತುಕೊಂಡಿತು. ಆಮೇಲೆ ತಂಗಿಯ ಊರಿನ ಹೆಸರೇ ಎತ್ತಲಿಲ್ಲ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯ್ತು. ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಕಲಬುರಗಿಯಲ್ಲೇ ಕೇಂದ್ರ ಕಚೇರಿ ಇರುವ ನಮ್ಮ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸೂ ಇದರಲ್ಲಿ ಸೇರಿದೆ. ಇದು ಸಣ್ಣ ಮಾತಲ್ಲ. ಮೊದಲು ಮಗನ ಹತ್ತಿರ ಬಸ್ ಚಾರ್ಜು ಕೇಳಬೇಕಿತ್ತು, ಈಗ ಯಾರನ್ನೂ ಕೇಳಬೇಕಿಲ್ಲ. ಪಾಪ, ಮುತ್ಯಾನಿಗೆ, ಅಂದರೆ ಅಜ್ಜನಿಗೆ, ಮಾತ್ರ ಈ ಭಾಗ್ಯ ಇಲ್ಲ. 60 ದಾಟಿದ ಗಂಡಸರಿಗೆ ಟಿಕೆಟ್‌ನಲ್ಲಿ ಶೇಕಡಾ 25 ರಿಯಾಯಿತಿ, ಅಷ್ಟೇ.

ಆದರೆ ಆಯಿ ಆಗಲೂ ತಂಗಿಯ ಊರಿಗೆ ಹೋಗಲಿಲ್ಲ. ಹೋಗುವುದು ಫ್ರೀ ಆಯ್ತು, ಬರುವುದು ಗ್ಯಾರಂಟಿ ಆಗಲಿಲ್ಲ.

[ದೃಶ್ಯ: ಸಂಜೆಗತ್ತಲು. ಹಣಮಂತ ದೇವರ ಗುಡಿ ಮುಂದೆ ನಿಂತ ಬಸ್ಸು. ಒಳಗೆ ಒಂದೇ ದೀಪ.]

ಅವಳನ್ನು ಮತ್ತೆ ಮನೆಯಿಂದ ಹೊರಗೆ ತಂದಿದ್ದು ಈ ಗಾಡಿ. ವಸ್ತಿ ಬಸ್ಸು. ಬೆಂಗಳೂರು ಕಡೆಯವರಿಗೆ ಬಿಡಿಸಿ ಹೇಳಬೇಕು ಅಂದರೆ, ರಾತ್ರಿ ಊರಿನಲ್ಲೇ ತಂಗಿ ಬೆಳಿಗ್ಗೆ ಹೊರಡುವ ಬಸ್ಸು. ರಾತ್ರಿ ಎಂಟರ ಸುಮಾರು ಬರುತ್ತದೆ. ಡ್ರೈವರ್, ಕಂಡಕ್ಟರ್ ಡಬ್ಬಿ ಬಿಚ್ಚಿ ಗುಡಿ ಕಟ್ಟೆ ಮೇಲೆ ಕೂಡುತ್ತಾರೆ. ಯಾರೋ ಬಿಸಿ ಪಲ್ಯ ತರುತ್ತಾರೆ, ಇನ್ಯಾರೋ ಮಜ್ಜಿಗೆ. ಬ್ಯಾಸಿಗೆ ಆದರೆ ಹೊರಗೇ ಹಾಸಿಗೆ, ಚಳಿಗಾಲಕ್ಕೆ ಸೀಟಿನ ಮೇಲೆ. ಬೆಳಿಗ್ಗೆ ಆರಕ್ಕೆ ಹಾರ್ನ್ ಹೊಡೆದರೆ ಅರ್ಧ ಊರು ಎದ್ದಂಗೆ.

ಇದರ ಗುಟ್ಟು ಗೊತ್ತಾಯ್ತಾ? ಈ ಬಸ್ಸಿಗೆ ಮಲಗುವ ಜಾಗ ನಮ್ಮೂರು. ಸಂಜೆ ಪ್ಯಾಸೆಂಜರ್ ಮೂರೇ ಮಂದಿ ಇರಲಿ, ಅದು ಬರಲೇಬೇಕು. ಎಲ್ಲಿಗೇ ಹೋಗಿರಿ, ನಿಮ್ಮನ್ನು ಮನೆಗೆ ಕರೆತರುವ ಗಾಡಿ ಒಂದು ಇದ್ದೇ ಇರುತ್ತದೆ. ಆಯಿ ಇದನ್ನು ನನಗಿಂತ ಮೊದಲೇ ಲೆಕ್ಕ ಹಾಕಿದ್ದಳು. ವಸ್ತಿ ಶುರುವಾದ ಮುಂದಿನ ವಾರವೇ ತಂಗಿಯ ಊರಿಗೆ ಹೊರಟಳು. ಪೇಟೆಯಿಂದ ಬಿಪಿ ಗುಳಿಗೆ ತರುವುದು, ಬೀಗರಿಗೆ ಸುದ್ದಿ ಮುಟ್ಟಿಸುವುದು, ಇವೂ ಕಂಡಕ್ಟರ್ ಕೈಯಲ್ಲೇ ಆಗುತ್ತವೆ.

ವಸ್ತಿ ಸರ್ಕಾರಿ ಬಸ್ಸು. ಊರಿನವರೇ ಕೂಡಿ ಗಾಡಿ ನಡೆಸುವ ಪದ್ಧತಿ ಬೇರೆ ದೇಶಗಳಲ್ಲಿ ಇದೆ. ನೆದರ್‌ಲೆಂಡ್ಸ್‌ನಲ್ಲಿ 1977ರಿಂದ 'ಬ್ಯೂರ್ಟ್‌ಬಸ್' ಅಂತ ಓಡುತ್ತಿದೆ, ಅಂದರೆ ಓಣಿಯ ಬಸ್ಸು. 8 ಜನ ಕೂಡುವ ಸಣ್ಣ ವ್ಯಾನು. ಅಷ್ಟು ಸಣ್ಣದು ಯಾಕೆ ಅಂದರೆ ಕಾರಿನ ಲೈಸೆನ್ಸ್ ಇದ್ದರೆ ಸಾಕು, ಯಾರು ಬೇಕಾದರೂ ಓಡಿಸಬಹುದು. ಓಡಿಸುವವರು ಸ್ವಯಂಸೇವಕರು, ಸಂಬಳ ಇಲ್ಲ. ಬ್ರಿಟನ್‌ನಲ್ಲಿ 1985ರ ಸಾರಿಗೆ ಕಾಯ್ದೆಯಲ್ಲೇ ಸಮುದಾಯದ ಬಸ್ಸಿಗೆ ಬೇರೆ ಪರ್ಮಿಟ್ ಇದೆ. ಇದನ್ನು ಇದ್ದಹಾಗೆ ಇಲ್ಲಿಗೆ ತರೋಕಾಗಲ್ಲ. ನಮ್ಮ 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ದುಡ್ಡು ತೆಗೆದುಕೊಂಡು ಜನರನ್ನು ಒಯ್ಯಬೇಕಾದರೆ ಪರ್ಮಿಟ್ ಬೇಕೇ ಬೇಕು. ಬಿಳಿ ಬೋರ್ಡಿನ ಕಾರಲ್ಲಿ ನಡೆಯಲ್ಲ.

ನಮಗೆ ಹತ್ತಿರದ ಉದಾಹರಣೆ ಕೇರಳ. 2022ರಲ್ಲಿ 'ಗ್ರಾಮವಂಡಿ' ಅಂತ ಶುರು ಮಾಡಿದರು. ಬಸ್ಸು, ಡ್ರೈವರ್, ಕಂಡಕ್ಟರ್ ಸರ್ಕಾರಿ ಸಾರಿಗೆಯದು, ಡೀಸೆಲ್ ದುಡ್ಡು ಪಂಚಾಯ್ತಿಯದು. ದುಡ್ಡು ಕೊಟ್ಟ ಮೇಲೆ ಗಾಡಿ ಎಲ್ಲಿಗೆ, ಎಷ್ಟು ಹೊತ್ತಿಗೆ ಅನ್ನುವ ಮಾತಿನಲ್ಲಿ ಊರಿಗೂ ಒಂದು ಪಾಲು.

[ದೃಶ್ಯ: ಮನೆ ಮುಂದೆ ಟಂಟಂ. ಚಾಲಕ ಇಳಿದು ಅಜ್ಜಿಯ ಚೀಲ ಹಿಡಿದುಕೊಳ್ಳುತ್ತಾನೆ.]

ಟಂಟಂ, ಅಂದರೆ ಮೂರು ಗಾಲಿಯ ಆಟೋ, ಇದನ್ನು ಬಿಟ್ಟರೆ ನಮ್ಮ ಭಾಗದ ಕತೆ ಮುಗಿಯಲ್ಲ. ಫ್ರೀ ಬಸ್ಸು ಇದ್ದರೂ ಎಷ್ಟೋ ಆಯಿಗಳು ದುಡ್ಡು ಕೊಟ್ಟು ಟಂಟಂ ಹತ್ತುತ್ತಾರೆ. ಯಾಕೆ? ಬಸ್ಸಿನ ಮೊದಲ ಮೆಟ್ಟಿಲು ಎತ್ತರ, ಮಂಡಿ ಬಗ್ಗಲ್ಲ. ಟಂಟಂ ಬಾಗಿಲಿಗೇ ಬರುತ್ತದೆ. "ಕಾಕಾ, ಐದು ಮಿನಿಟು ತಡಿ" ಅಂದರೆ ನಿಲ್ಲುತ್ತದೆ. ಆದರೆ ಒಂದು ಮಾತು. ಸಾಮಾನು ಹೇರುವ ಗಾಡಿಯಲ್ಲಿ ಹಿಂದೆ ಕೂತು ಹೋಗಬೇಡಿ. ಅಂಥ ಗಾಡಿಯಲ್ಲಿ ಸುಮ್ನೆ ಕೂತು ಹೋಗುವವರಿಗೆ ವಿಮಾ ಕಂಪನಿ ಪರಿಹಾರ ಕೊಡಬೇಕಿಲ್ಲ ಅಂತ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ. ಪ್ಯಾಸೆಂಜರ್ ಪರ್ಮಿಟ್ ಇರುವ ಟಂಟಂ ಹತ್ತಿ.

ಈಗ ನಿಮ್ಮೂರಿಗೆ ವಸ್ತಿ ಬೇಕಾದರೆ? ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಪ್ರತಿಯನ್ನು ಡಿಪೋ ಮ್ಯಾನೇಜರಿಗೆ ಕೊಡಿ, ಇನ್ನೊಂದು ಡಿಸಿ ಆಫೀಸಿಗೆ. ಜಿಲ್ಲಾಧಿಕಾರಿ ಡಿಸಿ ಅಲ್ಲ, ಬಸ್ಸಿನ ಡಿಸಿ, ವಿಭಾಗೀಯ ನಿಯಂತ್ರಣಾಧಿಕಾರಿ. ನಮ್ಮೂರಿನವರು ಒಂದು ಸಲ ತಪ್ಪು ಡಿಸಿ ಬಾಗಿಲಲ್ಲಿ ಅರ್ಧ ದಿನ ಕೂತು ಬಂದಿದ್ದಾರೆ. ಅರ್ಜಿಯಲ್ಲಿ "ನಮ್ಮೂರಿಗೆ ಬಸ್ ಬಿಡಿ" ಅಂತ ಬರೆದು ಬಿಡಬೇಡಿ. ಸಂಜೆ ಎಷ್ಟಕ್ಕೆ ತಿರುಗಿ ಬರಬೇಕು ಅಂತ ಹೊತ್ತು ಹಾಕಿ.

ಜೊತೆಗೆ ಊರು ಏನು ಕೊಡುತ್ತದೆ ಅನ್ನೋದನ್ನೂ ಬರೆಯಿರಿ. ಚಿಲಕ ಇರುವ ಒಂದು ಕೋಣೆ, ಒಂದು ಫ್ಯಾನು, ನೀರು ಬರುವ ಶೌಚಾಲಯ. ಕಂಡಕ್ಟರ್ ಹೆಣ್ಣುಮಗಳಾದರೆ ಗುಡಿ ಕಟ್ಟೆ ಮೇಲೆ ಮಲಗು ಅನ್ನೋಕಾಗುತ್ತಾ? ಗಂಡಸರಾದರೂ ಎಷ್ಟು ದಿನ ಸೊಳ್ಳೆ ಕಡಿಸಿಕೊಂಡು ಬರುತ್ತಾರೆ? ನಮ್ಮೂರಲ್ಲಿ ಹಳೇ ಶಾಲೆಯ ಒಂದು ಕೋಣೆ ಖಾಲಿ ಇತ್ತು. ಸುಣ್ಣ ಹೊಡೆದು, ಹೊರಸು ಹಾಕಿ ಕೊಟ್ಟರು.

[ದೃಶ್ಯ: ರಾತ್ರಿ. ಬಸ್ಸು ನಿಂತಿದೆ. ಆಯಿ ಕೆಳಗಿಳಿಯುತ್ತಾಳೆ, ಚೀಲ ಈಗ ಉಬ್ಬಿದೆ.]

ತಂಗಿ ಕಟ್ಟಿ ಕೊಟ್ಟ ತೊಗರಿ ಬೇಳೆ. ಕಂಡಕ್ಟರ್ ಕೈ ಹಿಡಿದು ಇಳಿಸಿದ. ಆಯಿ ಎರಡು ಹೆಜ್ಜೆ ಹೋಗಿ ಹಿಂದೆ ತಿರುಗಿದಳು.

"ಯಪ್ಪಾ, ಉಣ್ಣಾಕ ಬಾ. ನಾಳಿ ಆರಕ್ಕೇ ಹೋಗ್ತೀರಲ್ಲ?"

ನಿಮ್ಮೂರಿಗೆ ಕೊನೆಯ ಬಸ್ಸು ಎಷ್ಟಕ್ಕೆ ಬರುತ್ತದೆ? ಊರಿನ ಹೆಸರು, ಹೊತ್ತು, ಎರಡೂ ಕಮೆಂಟ್‌ನಲ್ಲಿ ಹಾಕಿ.