ಸ್ಮಾರ್ಟ್ ಚಾರ್ಜರ್ ಕೆಂಪು ದೀಪ ತೋರಿಸಿದಾಗ

ಕೇಳುಗರಿಗೆ ನಮಸ್ಕಾರ.

ಮಲೆನಾಡಿನ ಮಳೆಗಾಲ ವ್ಯಾನಿನ ಬ್ಯಾಟರಿಗೆ ಕಷ್ಟದ ಕಾಲ. ಮೂಡಿಗೆರೆ, ಕೊಪ್ಪ, ಸಕಲೇಶಪುರದ ಕಡೆ ಬಾಡಿಗೆ ಇಲ್ಲದೆ ವಾರಗಟ್ಟಲೆ ಶೆಡ್ಡಿನಲ್ಲಿ ನಿಂತ ಗಾಡಿಯ ಕೀ ತಿರುಗಿಸಿದರೆ ಟಕ್ ಎನ್ನುತ್ತದೆ, ಅಷ್ಟೇ. ಸ್ಮಾರ್ಟ್ ಚಾರ್ಜರ್ ತಂದು ಕ್ಲಿಪ್ ಹಾಕಿದರೆ ಅದೂ ಕೆಂಪು ದೀಪ ಮಿನುಗಿಸಿ ಸುಮ್ಮನಾಗುತ್ತದೆ. ಆಗ ಚಾರ್ಜರನ್ನು ಅಂಗಡಿಗೆ ವಾಪಸ್ ಕೊಡಲು ಹೊರಡಬೇಡಿ. ಬಹಳ ಸಲ ತೊಂದರೆ ಇರುವುದು ಬ್ಯಾಟರಿಯಲ್ಲಿ, ಇಲ್ಲವೇ ಕ್ಲಿಪ್ ಕಚ್ಚಿದ ಜಾಗದಲ್ಲಿ.

ಮೊದಲು ವೋಲ್ಟ್, ಆಂಪ್ ಅಳೆಯುವ ಒಂದು ಮಲ್ಟಿಮೀಟರ್ ಬೇಕು. ಡಿಸಿ 20 ವೋಲ್ಟ್‌ಗೆ ತಿರುಗಿಸಿ ಬ್ಯಾಟರಿಯ ಸೀಸದ ಕಂಬಗಳ ಮೇಲೆಯೇ ಮೀಟರಿನ ತಂತಿಗಳ ಮೊನೆ ಇಡಿ. ತುಂಬಿದ ಬ್ಯಾಟರಿ 12.6ರಿಂದ 12.7 ತೋರಿಸುತ್ತದೆ. 12.2 ಎಂದರೆ ಅರ್ಧ, 11.8 ಎಂದರೆ ಖಾಲಿ. ಈಗ ಚಾರ್ಜರ್ ಕ್ಲಿಪ್ಪನ್ನು ಎಲ್ಲಿ ಕಚ್ಚಿಸಿದ್ದೀರೋ ಅಲ್ಲಿ ಅಳೆಯಿರಿ. ಎರಡೂ ಕಡೆಯ ಅಂಕಿಗಳಲ್ಲಿ ವ್ಯತ್ಯಾಸ ಬಂದರೆ ನಡುವೆ ಬಿಳಿ-ಹಸಿರು ಪುಡಿ ಕಟ್ಟಿರಬಹುದು. ಟರ್ಮಿನಲ್ ಕಳಚಿ, ಅಡುಗೆ ಸೋಡಾ ಕದಡಿದ ನೀರಿನಲ್ಲಿ ತೊಳೆದು, ಒರೆಸಿ, ಉಜ್ಜಿ ಹೊಳಪು ಬರಿಸಿ. ಸೋಡಾ ನೀರು ಬ್ಯಾಟರಿಯ ಮುಚ್ಚಳದೊಳಗೆ ಹೋಗಬಾರದು.

ಇನ್ನು ಮುಖ್ಯ ವಿಷಯ. ಬ್ಯಾಟರಿ ಅಂಗಡಿಯ ಹಳೆಯ ಟ್ರಾನ್ಸ್‌ಫಾರ್ಮರ್ ಚಾರ್ಜರ್ ಏನನ್ನೂ ನೋಡುವುದಿಲ್ಲ, ಕರೆಂಟ್ ತಳ್ಳುತ್ತದೆ. ಸ್ಮಾರ್ಟ್ ಚಾರ್ಜರ್ ಮೊದಲು ಬ್ಯಾಟರಿಯ ವೋಲ್ಟೇಜ್ ಓದುತ್ತದೆ. ಕ್ಲಿಪ್ ತಿರುವುಮುರುವಾದರೆ, ಒಂದಕ್ಕೊಂದು ತಾಗಿದರೆ ಕಿಡಿ ಹಾರದಿರಲಿ ಎಂಬ ಏರ್ಪಾಡು ಅದು. ಕೆಲವು ಮಾದರಿಗಳಿಗೆ 2 ವೋಲ್ಟ್ ಸಾಕು, ಕೆಲವಕ್ಕೆ 7ರ ಆಸುಪಾಸು ಬೇಕು. ಜೊತೆಗೆ ಬಂದ ಪುಸ್ತಿಕೆಯಲ್ಲಿ ಬರೆದಿರುತ್ತದೆ. ಅದಕ್ಕಿಂತ ಕೆಳಗಿಳಿದ ಬ್ಯಾಟರಿ ಅದರ ಪಾಲಿಗೆ ಅಲ್ಲಿ ಇಲ್ಲವೇ ಇಲ್ಲ. ಇನ್ನೊಂದು ತೊಡಕೂ ಇದೆ. 6 ಮತ್ತು 12 ವೋಲ್ಟ್ ಎರಡನ್ನೂ ತಾನೇ ಗುರುತಿಸುವ ಚಾರ್ಜರ್, 7ಕ್ಕೆ ಕುಸಿದ 12 ವೋಲ್ಟ್ ಬ್ಯಾಟರಿಯನ್ನು ತುಂಬಿದ 6 ವೋಲ್ಟ್ ಬ್ಯಾಟರಿ ಎಂದುಕೊಳ್ಳಬಹುದು. ಹಾಗಾದರೆ ಬಟನ್ ಒತ್ತಿ ನೀವೇ 12ಕ್ಕೆ ನಿಲ್ಲಿಸಿ.

ತೀರಾ ಇಳಿದ ಬ್ಯಾಟರಿಗೆ ಉಪಾಯವಿದೆ. ಇನ್ನೊಂದು ಒಳ್ಳೆಯ 12 ವೋಲ್ಟ್ ಬ್ಯಾಟರಿಯನ್ನು ಜಂಪರ್ ಕೇಬಲ್‌ನಿಂದ ಜೋಡಿಸಿ: ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್. ಕೊನೆಯ ಮೈನಸ್ ಕ್ಲಿಪ್ಪನ್ನು ಇಳಿದ ಬ್ಯಾಟರಿಯಿಂದ ದೂರ, ಎಂಜಿನ್ನಿನ ಬರಿಯ ಲೋಹಕ್ಕೆ ಹಾಕಿ; ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತಿರುತ್ತದೆ, ಕಿಡಿ ಹತ್ತಿರ ಬೇಡ. 10-15 ನಿಮಿಷ ಬಿಟ್ಟು, ಜೋಡಣೆ ಹಾಗೇ ಇರುವಾಗ ಚಾರ್ಜರ್ ಹಾಕಿ. ಅದು ಶುರುವಾಗಿ ಕೆಲವು ನಿಮಿಷ ಓಡಿದ ಮೇಲೆ ಜಂಪರ್ ತೆಗೆಯಿರಿ. ಉಬ್ಬಿದ, ಸೋರುವ ಬ್ಯಾಟರಿಗೆ ಇದನ್ನು ಮಾಡಲೇಬೇಡಿ.

ದೀಪ ರಾತ್ರಿಯಿಡೀ ಉರಿದರೂ ಹಸಿರಾಗದಿದ್ದರೆ? ಮೊದಲು ಲೆಕ್ಕ ಹಾಕಿ. ಅರ್ಧ ಖಾಲಿಯಾದ 70 ಆಂಪ್-ಅವರ್ ಬ್ಯಾಟರಿಗೆ 5 ಆಂಪ್ ಚಾರ್ಜರ್ 7 ಗಂಟೆ, ಮೇಲೆ ಕೊನೆಯ ನಿಧಾನದ ಹಂತಕ್ಕೆ ಇನ್ನೂ ಎರಡು-ಮೂರು ಗಂಟೆ ತೆಗೆದುಕೊಳ್ಳುತ್ತದೆ. 1 ಆಂಪ್‌ನ ಪುಟ್ಟ ಚಾರ್ಜರ್‌ಗೆ ಎರಡು ದಿನವಾದರೂ ಬೇಕು. ನಮ್ಮ ಕಡೆ ಕರೆಂಟ್ ಹೋಗಿ ಬರುವುದನ್ನೂ ಮರೆಯಬೇಡಿ: ಕೆಲವು ಚಾರ್ಜರ್‌ಗಳು ಕರೆಂಟ್ ಬಂದ ಮೇಲೆ ತಾವಾಗಿ ಶುರುವಾಗುವುದಿಲ್ಲ, ಯಾರಾದರೂ ಬಟನ್ ಒತ್ತುವವರೆಗೆ ಕಾಯುತ್ತವೆ.

ಅದೆಲ್ಲ ಸರಿಯಿದ್ದೂ ಆಗದಿದ್ದರೆ, ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟು ಅಳೆಯಿರಿ. 10.5ರ ಆಸುಪಾಸಿನಲ್ಲೇ ನಿಂತಿದ್ದರೆ ಒಂದು ಸೆಲ್ ಶಾರ್ಟ್ ಆಗಿದೆ. ಆರು ಸೆಲ್‌ಗಳಲ್ಲಿ ಐದು ಮಾತ್ರ ಉಳಿದು, ತಲಾ 2.1 ವೋಲ್ಟ್ ಕೊಡುತ್ತಿವೆ. ಚಾರ್ಜರ್ 14.4 ವೋಲ್ಟ್ ಮುಟ್ಟಿಸಲು ಹೆಣಗಿದಷ್ಟೂ ಉಳಿದ ಸೆಲ್‌ಗಳು ಬಿಸಿಯಾಗುತ್ತವೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗೋಡೆಯ ಸ್ವಿಚ್ ಆರಿಸಿ, ಬಾಗಿಲುಗಳನ್ನು ತೆರೆದು ದೂರ ನಿಲ್ಲಿ. ಆ ಬ್ಯಾಟರಿ ಬದಲಾಯಿಸಲೇಬೇಕು, ಬೇರೆ ದಾರಿಯಿಲ್ಲ.

ಇದಕ್ಕೆ ತದ್ವಿರುದ್ಧದ ಲಕ್ಷಣವೂ ಉಂಟು: ಖಾಲಿ ಬ್ಯಾಟರಿಗೆ ಹತ್ತೇ ನಿಮಿಷದಲ್ಲಿ ಹಸಿರು ದೀಪ! ಇದು ಸಲ್ಫೇಶನ್. ಬಹುಕಾಲ ಖಾಲಿಯಿದ್ದು ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿದೆ. ಕರೆಂಟ್ ಒಳಗೆ ಹೋಗದೆ ವೋಲ್ಟೇಜ್ ಮಾತ್ರ ಏರುತ್ತದೆ. ಚಾರ್ಜರ್‌ನಲ್ಲಿ ರೀಕಂಡೀಶನ್ ಮೋಡ್, ಅಂದರೆ ಆ ಸಲ್ಫೇಟ್ ಬಿಡಿಸಲು ನೋಡುವ ಹಂತ, ಇದ್ದರೆ ಒಮ್ಮೆ ಪ್ರಯತ್ನಿಸಬಹುದು. ಆದರೆ ಅದು 15.8 ವೋಲ್ಟ್‌ವರೆಗೂ ಏರಬಹುದು, ಆದ್ದರಿಂದ ಬ್ಯಾಟರಿಯನ್ನು ಗಾಡಿಯಿಂದ ಕಳಚಿಯೇ ಮಾಡಿ. ನೀರು ಹಾಕುವ ಬ್ಯಾಟರಿಗೆ ಮಾತ್ರ; ಎಜಿಎಂ, ಅಂದರೆ ಆಸಿಡ್ಡನ್ನು ಗಾಜಿನ ನಾರಿನ ಹಾಳೆಯಲ್ಲಿ ಹೀರಿಸಿ ಮುಚ್ಚಿದ ಬ್ಯಾಟರಿಗೆ ಬೇಡ.

ಬ್ಯಾಟರಿ ತುಂಬಿ ಮತ್ತೆ ಮತ್ತೆ ಇಳಿಯುತ್ತಿದ್ದರೆ ಗಾಡಿಯಲ್ಲಿ ಕರೆಂಟಿನ ಸೋರಿಕೆ ಹುಡುಕಿ. ಎಲ್ಲ ಆರಿಸಿ, ಮೈನಸ್ ತಂತಿ ಬಿಚ್ಚಿ, ಮೀಟರಿನ ಕೆಂಪು ತಂತಿಯನ್ನು 10 ಆಂಪ್ ತೂತಿಗೆ ಹಾಕಿ, ಬಿಚ್ಚಿದ ತಂತಿಗೂ ಕಂಬಕ್ಕೂ ನಡುವೆ ಮೀಟರ್ ಇಡಿ. ಮೀಟರ್ ಹೀಗಿರುವಾಗ ಸ್ಟಾರ್ಟರ್ ತಿರುಗಿಸಬೇಡಿ, ಒಳಗಿನ ಫ್ಯೂಸ್ ಹೋಗುತ್ತದೆ. ಅರ್ಧ ಗಂಟೆ ಕಾದರೆ ಎಲೆಕ್ಟ್ರಾನಿಕ್ಸ್ ಮಲಗುತ್ತದೆ. ಆಗ 50 ಮಿಲಿಆಂಪ್ ಒಳಗಿದ್ದರೆ ಸಹಜ. ಹಾಗಿದ್ದರೂ 40 ಮಿಲಿಆಂಪ್ ದಿನಕ್ಕೆ ಸುಮಾರು 1 ಆಂಪ್-ಅವರ್ ತಿನ್ನುತ್ತದೆ. 35 ಆಂಪ್-ಅವರ್‌ನ ಸಣ್ಣ ವ್ಯಾನಿನ ಬ್ಯಾಟರಿ ತಿಂಗಳು ದಾಟುವಷ್ಟರಲ್ಲಿ ಬರಿದು. 50 ಮೀರಿದರೆ ಒಂದೊಂದೇ ಫ್ಯೂಸ್ ಎಳೆಯಿರಿ. ಯಾವುದನ್ನು ಎಳೆದಾಗ ಅಂಕಿ ಬೀಳುತ್ತದೋ ಆ ದಾರಿಯಲ್ಲಿದೆ ಕಳ್ಳ. ಗಾಡಿ ಕೊಂಡ ಮೇಲೆ ಕೂರಿಸಿದ ಮ್ಯೂಸಿಕ್ ಸಿಸ್ಟಂ, ಜಿಪಿಎಸ್ ಟ್ರ್ಯಾಕರ್‌ಗಳನ್ನೇ ಮೊದಲು ನೋಡಿ.

ಶೆಡ್ಡಿನಲ್ಲಿ ಪ್ಲಗ್ ಪಾಯಿಂಟೇ ಇಲ್ಲದವರು 10 ನಂಬರ್ ಸ್ಪ್ಯಾನರಿನಿಂದ ಮೈನಸ್ ಟರ್ಮಿನಲ್ ಬಿಚ್ಚಿಡಿ. ವಾರಕ್ಕೊಮ್ಮೆ ಹತ್ತು ನಿಮಿಷ ಎಂಜಿನ್ ಐಡಲ್‌ನಲ್ಲಿ ಓಡಿಸಿದರೆ ಇಳಿದ ಬ್ಯಾಟರಿ ತುಂಬುವುದಿಲ್ಲ. ಬಿಚ್ಚಿಟ್ಟ ಬ್ಯಾಟರಿಯನ್ನೂ ತಿಂಗಳಿಗೊಮ್ಮೆ ಅಳೆದು, 12.4ಕ್ಕೆ ಇಳಿದಿದ್ದರೆ ಕರೆಂಟ್ ಇರುವ ಕಡೆ ಒಯ್ದು ಚಾರ್ಜಿಗೆ ಹಾಕಿ.