ಮಗುವಿನ ಕಿವಿ ಯಾವ ಕಡೆ ಇದೆ?

ನಮಸ್ಕಾರ. ಮಕ್ಕಳನ್ನು ಹಾಡಿನ ಕ್ಲಾಸಿಗೆ ಸೇರಿಸಬೇಕು ಅಂದುಕೊಂಡಿರುವ ಅಪ್ಪ ಅಮ್ಮಂದಿರೇ, ಇವತ್ತಿನ ಮಾತು ನಿಮಗೇ.

ಪ್ರತಿ ಜೂನ್‌ನಲ್ಲಿ ನನ್ನ ಹತ್ತಿರ ಹೊಸ ಮಕ್ಕಳು ಬರುತ್ತಾರೆ. ಮಗು ಚಾಪೆ ಮೇಲೆ ಕೂರುವ ಮೊದಲೇ ದೊಡ್ಡವರ ಪ್ರಶ್ನೆ ಶುರು. "ಎಷ್ಟು ತಿಂಗಳಲ್ಲಿ ಸ್ಟೇಜ್ ಹತ್ತಿಸ್ತೀರಿ?" "ಜೂನಿಯರ್ ಪರೀಕ್ಷೆಗೆ ಯಾವಾಗ ಕೂರಿಸ್ತೀರಿ?" ನಾನು ಒಂದೇ ಒಂದು ಪ್ರಶ್ನೆ ವಾಪಸ್ ಕೇಳುತ್ತೇನೆ. ಮನೆಯಲ್ಲಿ ಇರುವಾಗ ನಿಮ್ಮ ಮಗುವಿನ ಕಿವಿ ಯಾವ ಕಡೆ ಇರುತ್ತದೆ? ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಎಂಟು ಹತ್ತು ವರ್ಷ ಸಾಕಿದ್ದಾರೆ, ಇದೊಂದನ್ನು ನೋಡಿಲ್ಲ. ನನಗೆ ನಿಜಕ್ಕೂ ಬೇಸರವಾಗುತ್ತದೆ.

ನೋಡಿದ ಒಬ್ಬ ತಾಯಿಯ ಕಥೆ ಹೇಳುತ್ತೇನೆ.

ಧಾರವಾಡದಲ್ಲಿ ಅಂಬಾಬಾಯಿ ಅಂತ ಒಬ್ಬ ಗಾಯಕಿ ಇದ್ದರು. ಹಾಡುತ್ತಿದ್ದುದು ಕರ್ನಾಟಕ ಸಂಗೀತ. ಅವರ ಹಾಡು ಎಂಥದ್ದು ಅಂದರೆ, ಹಿಂದೂಸ್ತಾನಿ ಸಂಗೀತದಲ್ಲಿ ಕಿರಾನಾ ಘರಾಣೆ ಅನ್ನುವ ಗಾಯನ ಪರಂಪರೆಯ ಉಸ್ತಾದ್ ಅಬ್ದುಲ್ ಕರೀಮ್ ಖಾನರಂಥವರು ಬಂದು ಕೂತು ಕೇಳುತ್ತಿದ್ದರು. 1913ರಲ್ಲಿ ಅವರಿಗೆ ಒಬ್ಬ ಮಗಳು ಹುಟ್ಟಿದಳು. ಮುಂದೆ ಆಕೆ ಹೆಸರಾಂತ ಹಿಂದೂಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ ಆದರು.

ಮನೆ ತುಂಬ ಅಮ್ಮನ ಹಾಡು. ಆದರೆ ಬೀದಿಯಲ್ಲಿ ಗ್ರಾಮಫೋನ್ ದನಿ ಎದ್ದರೆ ಸಾಕು, ಹುಡುಗಿ ಹೊರಗೆ ಓಡುತ್ತಿದ್ದಳು. ಅಲ್ಲಿ ಕೇಳಿದ ಹಿಂದೂಸ್ತಾನಿ ಹಾಡನ್ನು ಹಾಗೇ ಹಾಡಲು ನೋಡುತ್ತಿದ್ದಳು. ಬೇರೆ ಯಾರಾದರೂ ಆಗಿದ್ದರೆ ಏನನ್ನುತ್ತಿದ್ದರು? "ಮನೆಯಲ್ಲೇ ವಿದ್ಯೆ ಇದೆ, ಕೂತು ಕಲಿ" ಅನ್ನುತ್ತಿದ್ದರು. ಅದರಲ್ಲಿ ತಪ್ಪೂ ಕಾಣುವುದಿಲ್ಲ, ಅಲ್ವಾ? ಅಂಬಾಬಾಯಿ ಹಾಗನ್ನಲಿಲ್ಲ. ಮಗಳ ಕಿವಿ ಯಾವ ಕಡೆ ಇದೆ ಅಂತ ನೋಡಿದರು. ಅವಳು ಹಿಂದೂಸ್ತಾನಿ ಕಲಿಯಲಿ ಅಂತ 1928ರಲ್ಲಿ ಕುಟುಂಬ ಹುಬ್ಬಳ್ಳಿಗೇ ಬಂದು ನೆಲೆಸಿತು. ಕೃಷ್ಣಾಚಾರ್ಯ, ದತ್ತೋಪಂತ ದೇಸಾಯಿ ಅವರ ಹತ್ತಿರ ಪಾಠ ನಡೆಯಿತು.

ಇಷ್ಟೇ ಆಗಿದ್ದರೆ ನಾನು ಈ ಕಥೆ ತೆಗೆಯುತ್ತಿರಲಿಲ್ಲ. ಅಂಬಾಬಾಯಿ ಇನ್ನೊಂದು ಕೆಲಸ ಮಾಡಿದರು. ತಾವು ಕರ್ನಾಟಕ ಸಂಗೀತ ಹಾಡುವುದನ್ನೇ ಬಿಟ್ಟರು. ತಮ್ಮ ಶೈಲಿ ಮಗಳ ಗಂಟಲಿಗೆ ಅಂಟಬಾರದು ಅಂತ.

ಯಾಕೆ ಅಂಟುತ್ತದೆ? ಮಕ್ಕಳು ಮಾತು ಕಲಿಯುವುದು ಹೇಗೆ, ಯೋಚಿಸಿ. ಮನೆಯವರ ಎಳೆತ, ಒತ್ತು ಎಲ್ಲ ತಾನಾಗೇ ಬರುತ್ತದೆ. ಹಾಡೂ ಹಾಗೇ. ಕರ್ನಾಟಕ ಸಂಗೀತಕ್ಕೆ ಗಮಕವೇ ಜೀವ, ಸ್ವರ ತೂಗಬೇಕು. ಮಗಳು ಮುಂದೆ ಹಾಡಿದ ಕಿರಾನಾ ಶೈಲಿಯಲ್ಲಿ ಒಂದೊಂದು ಸ್ವರದ ಮೇಲೂ ನಿಲ್ಲಬೇಕು. ಅಲುಗದೆ ನಿಲ್ಲಬೇಕು. ಅಮ್ಮ ಪಕ್ಕದ ಕೋಣೆಯಲ್ಲಿ ದಿನಾ ಕೀರ್ತನೆ ಹಾಡುತ್ತಿದ್ದರೆ, ಮಗಳು ನಿಲ್ಲಬೇಕಾದ ಕಡೆ ತೂಗಿಬಿಡುತ್ತಾಳೆ. ಹಾಡು ಬಲ್ಲ ತಾಯಿಗೆ ಇದು ಗೊತ್ತಿತ್ತು.

ಒಮ್ಮೆ ಗಂಟಲು ಕಟ್ಟಿ ನಾನು ಹದಿನೈದು ದಿನ ಹಾಡಿರಲಿಲ್ಲ. ತಂಬೂರಿ ಮೂಲೆಯಲ್ಲಿ ನಿಂತಿತ್ತು. ಅದರ ಕಡೆ ನೋಡಲೂ ಆಗುತ್ತಿರಲಿಲ್ಲ. ಬರೀ ಹದಿನೈದು ದಿನ! ಆಕೆ ಗಂಟಲು ಚೆನ್ನಾಗಿರುವಾಗಲೇ ಬಿಟ್ಟರು.

1932ರಲ್ಲಿ ಅಂಬಾಬಾಯಿ ತೀರಿಕೊಂಡರು. ಮುಂದೆ ಮಗಳು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಬಂದು ಕಿರಾನಾ ಗಾಯಕ ಸವಾಯಿ ಗಂಧರ್ವರ ಹತ್ತಿರ ತಾಲೀಮು ಪಡೆದರು. ಪದ್ಮವಿಭೂಷಣ ಬಂದದ್ದು 2002ರಲ್ಲಿ. ತಾಯಿ ಹೋಗಿ ಎಪ್ಪತ್ತು ವರ್ಷವಾಗಿತ್ತು. ಎಷ್ಟು ತಿಂಗಳು ಅಂತ ಕೇಳುತ್ತೀರಲ್ಲ, ಅದಕ್ಕೇ ಈ ಲೆಕ್ಕ ಹೇಳಿದೆ.

ಓಹೋ, ಸಮಯ ಹೋಗಿಯೇಬಿಟ್ಟಿತು. ಇನ್ನೊಬ್ಬ ತಂದೆಯ ವಿಷಯ ಬೇಗ ಹೇಳಿಬಿಡುತ್ತೇನೆ. ಗದಗಿನ ಜೋಶಿ ಮಾಸ್ತರರು. ಅವರ ಮಗ ಭಜನೆ ಮೇಳ, ಬ್ಯಾಂಡು ಏನು ಹೋದರೂ ಹಿಂದೆ ಹೋಗಿಬಿಡುತ್ತಿದ್ದ. ಸುಸ್ತಾಗಿ ಎಲ್ಲೋ ಮಲಗಿಬಿಡುತ್ತಿದ್ದ. ಮನೆಯವರು ಪೊಲೀಸರ ತನಕ ಹೋಗಬೇಕಾಗುತ್ತಿತ್ತು. ಕೊನೆಗೆ ಮಾಸ್ತರರು ಹುಡುಗನ ಅಂಗಿಗಳ ಮೇಲೆ "ಜೋಶಿ ಮಾಸ್ತರರ ಮಗ" ಅಂತ ಬರೆದರು. ಕಂಡವರು ತಂದು ಮನೆಗೆ ಬಿಡುತ್ತಿದ್ದರು. 1933ರಲ್ಲಿ, ಹನ್ನೊಂದನೇ ವಯಸ್ಸಿಗೆ, ಹುಡುಗ ಗುರುವನ್ನು ಹುಡುಕಿ ಉತ್ತರಕ್ಕೇ ಓಡಿಹೋದ. ತಂದೆ ಜಲಂಧರದಲ್ಲಿ ಹಿಡಿದು ಕರೆತಂದರು. ಆಮೇಲೆ ಹುಡುಗ ಕಲಿಯಲು ಕೂತದ್ದೂ ಅದೇ ಕುಂದಗೋಳದಲ್ಲಿ, ಅದೇ ಸವಾಯಿ ಗಂಧರ್ವರ ಮುಂದೆ. ಭೀಮಸೇನ ಜೋಶಿಯವರು. ಓಡುವ ಮಗನಿಗೆ ಬೀಗ ಹಾಕುವುದು ಸುಲಭವಿತ್ತು. ಮಾಸ್ತರರು ಮಸಿ ತೆಗೆದುಕೊಂಡರು. ಮಗನ ಕಿವಿ ಯಾವ ಕಡೆ ಇದೆ ಅಂತ ಅವರಿಗೂ ಗೊತ್ತಿತ್ತು.

ಚಿತ್ರ ಬರೆಯುವ ಮಕ್ಕಳ ಬಗ್ಗೆ, ನಾಟಕದ ಬಗ್ಗೆ ಕೂಡ ಹೇಳಬೇಕು ಅಂತಿದ್ದೆ. ಅಲ್ಲೂ ಇದೇ ಮಾತು. ಕಿವಿಯ ಬದಲು ಕಣ್ಣು ಯಾವ ಕಡೆ ಇದೆ ನೋಡಿ, ಅಷ್ಟೇ.

ಇವತ್ತು ರಾತ್ರಿ ಊಟಕ್ಕೆ ಮೊದಲು ಟಿವಿ ಆರಿಸಿ. ಮಗು ತನ್ನಷ್ಟಕ್ಕೆ ಏನು ಗುನುಗುತ್ತದೆ, ಕೇಳಿ. "ಜೋರಾಗಿ ಹಾಡು" ಅನ್ನಬೇಡಿ. ಫೋನ್ ಹಿಡಿದು ರೆಕಾರ್ಡ್ ಮಾಡಬೇಡಿ. ಸುಮ್ನೆ ಕೇಳಿ. ಜೂನ್‌ನಲ್ಲಿ ಬಂದಾಗ ನನಗೆ ಅದನ್ನು ಹೇಳಿ. ನಮಸ್ಕಾರ.