‘ಹೂಂ’ ಅಂದರೆ ಏನು?

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಉಪನ್ಯಾಸ, ಅದರಲ್ಲೂ ಮೈಸೂರಿನ ಮಧ್ಯಾಹ್ನ. ಕಣ್ಣು ಎಳೆದರೆ ಸಂಕೋಚ ಬೇಡ, ನಾನೂ ಬೇಗ ಮುಗಿಸುತ್ತೇನೆ.

ಸಮುದಾಯ ಕಾಲೇಜು ನಮ್ಮ ದೇಶದಲ್ಲಿ ಶುರುವಾಗಿದ್ದು 1995ರಲ್ಲಿ, ಪಾಂಡಿಚೇರಿಯಲ್ಲಿ. ಕೈಗೆ ಕೆಲಸ ಕಲಿಸಬೇಕು ಅನ್ನೋದು ಅದರ ಲೆಕ್ಕ. ಹತ್ತು ವರ್ಷದ ಮೇಲೆ, 2005ರ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಆಶಾ ಕಾರ್ಯಕರ್ತೆಯರು ಬಂದರು. ಸುಮಾರು ಸಾವಿರ ಜನಕ್ಕೆ ಒಬ್ಬರು. ಅಂಥ ಒಂದು ಸಮುದಾಯ ಕಾಲೇಜಿನಲ್ಲಿ ಆರೋಗ್ಯ ಕಾರ್ಯಕರ್ತರ ಕೋರ್ಸ್ ಕಲಿಸೋಕೆ ಶುರು ಮಾಡಿದಾಗ ನಾನು ವಿದ್ಯಾರ್ಥಿಗಳಿಗೆ ಇದನ್ನೆಲ್ಲ ಬಾಯಿಪಾಠ ಮಾಡಿಸಿದ್ದೆ. ಗರ್ಭಿಣಿಗೆ ಹಿಮೋಗ್ಲೋಬಿನ್ 11 ಗ್ರಾಂಗಿಂತ (100 ಮಿ.ಲೀ. ರಕ್ತದಲ್ಲಿ) ಕಡಿಮೆ ಇದ್ದರೆ ರಕ್ತಹೀನತೆ. ನಾಲ್ಕನೇ ತಿಂಗಳಿಂದ ದಿನಕ್ಕೊಂದು ಕಬ್ಬಿಣದ ಮಾತ್ರೆ, 180 ದಿನ. ಪರೀಕ್ಷೆಯಲ್ಲಿ ಎಲ್ಲರೂ ಚೆನ್ನಾಗಿ ಬರೆದರು. ನಾನೂ ಬೀಗಿದೆ.

ಆಮೇಲೆ ಅವರನ್ನು ಪಾಂಡವಪುರದ ಕಡೆಯ ಒಂದು ಹಳ್ಳಿಗೆ ಕರೆದುಕೊಂಡು ಹೋದೆ. ಹೋಗಿದ್ದು ಹನ್ನೊಂದು ಗಂಟೆಗೆ. ನಾಟಿ ಕಾಲ, ಅರ್ಧ ಊರಿಗೆ ಬೀಗ. ಅದು ನನ್ನದೇ ದಡ್ಡತನ, ಬಿಡಿ. ಒಂದು ಮನೆ ಜಗಲಿಯಲ್ಲಿ ಬಸುರಿ ಹೆಂಗಸು ಸಿಕ್ಕಳು. ನನ್ನ ವಿದ್ಯಾರ್ಥಿನಿ ಫಾರಂ ತೆಗೆದಳು.

‘ಅಕ್ಕಾ, ಮಾತ್ರೆ ತಗೋತಿದ್ದೀರಾ?’

‘ಹೂಂ.’

‘ದಿನಾ?’

‘ಹೂಂ.’

ಟಿಕ್ ಹಾಕಿ ಎದ್ದಳು. ನಾನು ಮಧ್ಯೆ ಬಾಯಿ ಹಾಕಿದೆ. ‘ಎಲ್ಲಿಟ್ಟಿದ್ದೀಯಮ್ಮ, ಸ್ವಲ್ಪ ತೋರಿಸು.’ ಒಳಗೆ ಹೋಗಿ ಬಿಸ್ಕತ್ತಿನ ಡಬ್ಬ ತಂದಳು. ಮೂರು ಪೂರ್ತಿ ಸ್ಟ್ರಿಪ್. ಇನ್ನೊಂದರಲ್ಲಿ ನಾಲ್ಕು ಮಾತ್ರೆ ಮಾತ್ರ ಖಾಲಿ. ಎಲ್ಲದರ ಕೆಳಗೆ ತಾಯಿ ಕಾರ್ಡು, ಮಡಚಿ ಇಟ್ಟಿದ್ದು.

ಬೈಯಲಿಲ್ಲ. ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವಳೇ ಹೇಳಿದಳು. ‘ಕಪ್ಪಗೆ ಹೋಗ್ತದೆ ಕಣಕ್ಕ. ವಾಂತಿ ಬಂದಂಗಾಯ್ತದೆ. ಮಗೂನೂ ಕಪ್ಪಾಯ್ತದೆ ಅಂತಾರೆ ಅತ್ತೆ.’

ಕಪ್ಪಗೆ ಹೋಗೋದು ಕಬ್ಬಿಣದ ಗುಣ, ಅದರಿಂದ ತೊಂದರೆ ಇಲ್ಲ. ಹೊಟ್ಟೆ ತೊಳೆಸಿದರೆ ರಾತ್ರಿ ಊಟ ಆದ ಮೇಲೆ ನುಂಗಬಹುದು. ಅದರ ಜೊತೆ ಕಾಫಿ, ಟೀ ಬೇಡ. ಕ್ಯಾಲ್ಸಿಯಂ ಮಾತ್ರೆಯೂ ಅದೇ ಹೊತ್ತಿಗೆ ಬೇಡ, ಎರಡು ಗಂಟೆ ಬಿಟ್ಟು ತಗೊಳ್ಳಲಿ. ಮಗುವಿನ ಬಣ್ಣಕ್ಕೂ ಮಾತ್ರೆಗೂ ಸಂಬಂಧ ಇಲ್ಲ. ಇಷ್ಟೂ ನನ್ನ ವಿದ್ಯಾರ್ಥಿನಿಗೆ ಗೊತ್ತಿತ್ತು. ಹೇಳೋಕೆ ಅವಕಾಶವೇ ಸಿಗಲಿಲ್ಲ, ಯಾಕಂದ್ರೆ ‘ಹೂಂ’ ಅಂದಾಗಿತ್ತಲ್ಲ.

ನಮ್ಮ ಕಡೆ ‘ಹೂಂ’ಗೆ ನೂರು ಅರ್ಥ. ಕೇಳಿಸಿತು. ಬರೆದುಕೊಂಡಾಯ್ತಲ್ಲ, ಹೋಗಿಬನ್ನಿ. ಅತ್ತೆ ಬಾಗಿಲ ಹಿಂದೆ ನಿಂತಿದ್ದಾರೆ. ಮನೆಗೆ ಬಂದವರಿಗೆ ಇಲ್ಲ ಅನ್ನೋದು ಹೇಗೆ? ಕೆಲವು ಸಲ ಹೌದು ಅಂತಲೂ ಇರುತ್ತೆ.

ಆವತ್ತಿಂದ ಕ್ಲಾಸಿನಲ್ಲಿ ಒಂದು ಆಟ ಆಡಿಸುತ್ತೇನೆ. ಒಬ್ಬರು ಸೊಸೆ, ಒಬ್ಬರು ಕಾರ್ಯಕರ್ತೆ. ಸೊಸೆ ಬಾಯಲ್ಲಿ ‘ಹೂಂ’ ಬಂದರೆ ಕಾರ್ಯಕರ್ತೆ ಸೋತ ಹಾಗೆ. ಅತ್ತೆ ಪಾರ್ಟಿಗೆ ಹುಡುಗರೇ ಸರಿ, ಎಲ್ಲಿಂದ ಕಲಿತಿರ್ತಾರೋ! ‘ಮಾತ್ರೆ ತಗೊಂಡ್ರಾ’ ಹೋಗಿ ‘ಎಷ್ಟು ಉಳಿದಿವೆ’ ಬರುತ್ತೆ. ‘ನೀರು ಕಾಯಿಸ್ತೀರಾ’ ಹೋಗಿ ‘ಬೆಳಿಗ್ಗೆಯಿಂದ ಕುಡಿಯೋ ನೀರು ಯಾವ ಪಾತ್ರೇಲಿತ್ತು’ ಬರುತ್ತೆ.

ಭೇದಿಯಾದಾಗ ನೀರಲ್ಲಿ ಕಲಸಿ ಕುಡಿಸೋ ಉಪ್ಪು-ಸಕ್ಕರೆ ಪುಡಿ, ಓಆರ್‌ಎಸ್, ಅದನ್ನಂತೂ ಕೇಳಲೇಬಾರದು, ಕಲಸಿಸಿ ನೋಡಬೇಕು. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ. ಮನೆಯಲ್ಲಿ ಏನು ಮಾಡ್ತಾರೆ? ಒಂದು ಲೋಟ ನೀರಿಗೆ ಕಾಲು ಪೊಟ್ಟಣ ಅಂದಾಜಿನಲ್ಲಿ ಸುರಿದು, ಉಳಿದದ್ದನ್ನು ಮಡಚಿ ಸಕ್ಕರೆ ಡಬ್ಬಕ್ಕೆ ಸಿಕ್ಕಿಸುತ್ತಾರೆ. ಒಮ್ಮೆ ಉಪ್ಪು ಜಾಸ್ತಿ, ಒಮ್ಮೆ ಬರೀ ನೀರು. ಅದಕ್ಕೇ ನಮ್ಮ ವಿದ್ಯಾರ್ಥಿಗಳ ಚೀಲದಲ್ಲಿ ಖಾಲಿ ಲೀಟರ್ ಬಾಟಲಿ ಇರುತ್ತೆ. ಆ ಮನೆಯ ಚೊಂಬಿಗೇ ಅಳೆದು ಸುರಿದು, ನೀರು ಎಲ್ಲಿಗೆ ಬರುತ್ತೆ ಅಂತ ಒಂದು ಗೀರು ಎಳೆದು ಬರುತ್ತಾರೆ. ಕಲಸಿದ್ದನ್ನು 24 ಗಂಟೆ ಆದಮೇಲೆ ಚೆಲ್ಲಬೇಕು. ಅಷ್ಟೆ ಪಾಠ.

ಇನ್ನೊಂದು ಮಾತು, ಇದು ಕಷ್ಟದ್ದು. ಭ್ರೂಣದ ಲಿಂಗ ಪತ್ತೆ ತಡೆಯೋ ಕಾನೂನು ಬಂದಿದ್ದು 1994ರಲ್ಲಿ. ಆದರೂ 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ನಡೆಸುತ್ತಿದ್ದರು ಅನ್ನೋ ಪ್ರಕರಣ ಹೊರಬಿತ್ತು. ಬೆಲ್ಲ ಬೇಯೋ ಜಾಗ. ಪೇಪರ್ ಓದಿದ ಹುಡುಗಿಯೊಬ್ಬಳು ಕ್ಲಾಸಿನಲ್ಲಿ ಎದ್ದು ನಿಂತಳು. ‘ಇಬ್ಬರು ಹೆಣ್ಣುಮಕ್ಕಳಿರೋ ಅಕ್ಕ ನಾಲ್ಕು ತಿಂಗಳು ಅಂತ ಬರೆಸಿರ್ತಾರೆ. ಮುಂದಿನ ಸಲ ಹೋದ್ರೆ ಅಬಾರ್ಷನ್ ಆಯ್ತು ಅಂತಾರೆ. ಏನು ಕೇಳಲಿ ಮೇಡಂ?’

ಮೊದಲು ಅವಳ ಜೀವ ನೋಡು ಅಂದೆ. ‘ರಕ್ತ ಹೋಗ್ತಿದೆಯಾ’ ಅಂದರೆ ಏನೂ ತಿಳಿಯಲ್ಲ. ‘ನಿನ್ನೆಯಿಂದ ಎಷ್ಟು ಬಟ್ಟೆ ಬದಲಾಯಿಸಿದ್ರಿ’ ಅಂತ ಕೇಳು. ಮೈ ಮುಟ್ಟಿ ನೋಡು, ಜ್ವರ ಇದ್ದರೆ ಆವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗು. ಆಮೇಲೆ ವೈದ್ಯಾಧಿಕಾರಿಗೆ ತಿಳಿಸು.

‘ತಿಳಿಸ್ತೀನಿ. ಆದರೆ ಅದೇ ಊರಲ್ಲಿ ನಾನೂ ಬಾಳಬೇಕಲ್ವಾ?’ ಅಂದಳು.

ಆ ಪ್ರಶ್ನೆಗೆ ಸಿಲೆಬಸ್‌ನಲ್ಲಿ ಉತ್ತರ ಇಲ್ಲ, ನನ್ನ ಹತ್ತಿರವೂ ಇರಲಿಲ್ಲ. ಈಗ ಅಂಥ ಮನೆಗೆ ವಿದ್ಯಾರ್ಥಿನಿಯೊಬ್ಬಳನ್ನೇ ಕಳಿಸಲ್ಲ. ತಿಳಿಸೋ ಕಾಗದಕ್ಕೆ ನಾನೇ ಸಹಿ ಹಾಕುತ್ತೇನೆ. ಕೋರ್ಸ್ ಮುಗಿಸಿ ಹೋದವರ ಕಾಗದಕ್ಕೆ ಯಾರು ಸಹಿ ಹಾಕ್ತಾರೆ ಅನ್ನೋದನ್ನ, ಟೀ ಬರೋ ಮುಂಚೆ, ನಿಮ್ಮನ್ನೇ ಕೇಳೋಣ ಅಂತ ಬಂದೆ. ‘ಹೂಂ’ ಅನ್ನಬೇಡಿ.